ಫೂಲ್‌ಮಣಿಯ ಮರಣವೂ ಮನೆಯೊಳಗಿನ ಅಪರಾಧವೂ

ಮನೆಯ ಹೊರಗಿನವನೊಬ್ಬನು ಮಗುವನ್ನು ಹಿಂಸಿಸಿ ಅದರ ಪ್ರಾಣಹಾನಿಗೆ ಕಾರಣನಾದರೆ ಅವನ ಅಪರಾಧಕ್ಕೆ ಹೆಸರಿಡುವುದು ದಂಡಶಾಸ್ತ್ರಕ್ಕೆ ಕಷ್ಟವಲ್ಲ. ಅದೇ ಹಿಂಸೆಯು ಮನೆಯೊಳಗೆ, ಬಂಧುತ್ವದ ಅಧಿಕಾರದಿಂದಲೇ ನಡೆದಾಗ ಶಾಸ್ತ್ರವು ತಡವರಿಸುತ್ತದೆ. ೧೮೯೦ರಲ್ಲಿ ಕಲ್ಕತ್ತೆಯ ಹೈಕೋರ್ಟಿನಲ್ಲಿ ವಿಚಾರಣೆಗೆ ಬಂದ ಹರಿಮೋಹನ ಮೈತಿಯ ಮೊಕದ್ದಮೆಯು ಇದಕ್ಕೆ ನಿದರ್ಶನವಾಗಿದೆ. ಇತಿಹಾಸಗ್ರಂಥಗಳಲ್ಲಿ ಈ ಮೊಕದ್ದಮೆಯ ಪ್ರಸ್ತಾಪವು ಸಾಮಾನ್ಯವಾಗಿ ೧೮೯೧ರ ಸಮ್ಮತಿವಯಸ್ಸಿನ ಕಾನೂನಿಗೆ ಪೀಠಿಕೆಯಾಗಿ ಬರುತ್ತದೆ. ಆದರೆ ಅದನ್ನೇ ಪ್ರತ್ಯೇಕವಾಗಿ ಪರಿಶೀಲಿಸಿದರೆ, ಒಂದು ಮಗುವಿನ ಸಾವಿಗೆ ಮನೆಯವರಲ್ಲಿ ಯಾರನ್ನು, ಯಾವ ಅಪರಾಧದ ಹೆಸರಿನಿಂದ, ಎಷ್ಟರಮಟ್ಟಿಗೆ ಹೊಣೆಗಾರರನ್ನಾಗಿ ಮಾಡಲು ಅಂದಿನ ನ್ಯಾಯವು ಶಕ್ತವಾಗಿತ್ತೆಂಬುದು ವ್ಯಕ್ತವಾಗುತ್ತದೆ.

ಮೊಕದ್ದಮೆಯ ಸಂಗತಿ ಹೀಗಿದೆ. ಫೂಲ್‌ಮಣಿ ದಾಸಿ ಎಂಬ ಬಾಲಿಕೆಗೆ ಹತ್ತು ವರ್ಷ ದಾಟಿತ್ತು. ಆಕೆಯ ಗಂಡನಾದ ಹರಿಮೋಹನ ಮೈತಿ ಅವಳಿಗಿಂತ ಬಹಳ ಹಿರಿಯ ಪುರುಷ. ಅವನ ಬಲಾತ್ಕಾರದಿಂದಾದ ಗಾಯದಿಂದ ತೀವ್ರವಾದ ರಕ್ತಸ್ರಾವವುಂಟಾಗಿ ಕೆಲವು ಗಂಟೆಗಳಲ್ಲೇ ಹುಡುಗಿಯು ಮೃತಳಾದಳು. ರಕ್ತದ ಮಡುವಿನಲ್ಲಿ ಮಗಳನ್ನು ಕಂಡುದಾಗಿ ತಾಯಿಯು ಸಾಕ್ಷಿ ನುಡಿದಳು. ಮರಣಕ್ಕೆ ಕಾರಣವಾದ ಗಾಯದ ಸ್ವರೂಪವನ್ನು ವೈದ್ಯರು ನ್ಯಾಯಸ್ಥಾನಕ್ಕೆ ನಿವೇದಿಸಿದರು.

ಇಷ್ಟಾದರೂ ಹರಿಮೋಹನನ ಮೇಲೆ ಬಲಾತ್ಸಂಗದ ಆಪಾದನೆಯನ್ನು ಹೊರಿಸಲು ಅವಕಾಶವಿರಲಿಲ್ಲ. ೧೮೬೦ರಲ್ಲಿ ರಚಿತವಾದ ಇಂಡಿಯನ್ ಪೀನಲ್ ಕೋಡಿನ ೩೭೫ನೆಯ ಪ್ರಕರಣವು, ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಹೆಂಡತಿಯ ವಿಷಯದಲ್ಲಿ ಗಂಡನು ಬಲಾತ್ಸಂಗದ ಅಪರಾಧಿಯಾಗಲಾರನೆಂದು ವಿಧಿಸಿತ್ತು. ಬಾಲಿಕೆಯು ಆ ಮೇರೆಯನ್ನು ದಾಟಿದ್ದುದರಿಂದ ಆಕೆಯ ದೇಹರಕ್ಷಣೆಗೆ ಸಾಮಾನ್ಯವಾದ ಪ್ರಕರಣಗಳೇ ಗತಿಯಾದವು. ಕೊಲೆಯಲ್ಲದ ನರಹತ್ಯೆ, ದುಡುಕಿನ ಅಥವಾ ಅಲಕ್ಷ್ಯದ ಕಾರ್ಯದಿಂದ ಮರಣ, ಘೋರವಾದ ಗಾಯ ಮೊದಲಾದ ಆಪಾದನೆಗಳನ್ನು ಹೊರಿಸಲಾಯಿತು.

ವಿಚಾರಣೆಯನ್ನು ನಡೆಸಿದ ನ್ಯಾಯಾಧೀಶ ವಿಲ್ಸನ್‌ರು ಜೂರಿಯವರಿಗೆ ಎರಡು ಮಾತುಗಳನ್ನು ವಿಶದಪಡಿಸಿದರು. ಹತ್ತು ವರ್ಷವಾದ ಮೇಲೆ ದಂಪತಿಗಳ ವಿಷಯದಲ್ಲಿ ಬಲಾತ್ಸಂಗದ ವಿಧಿಯು ಅನ್ವಯಿಸುವುದಿಲ್ಲವೆಂಬುದು ಒಂದು. ಹಾಗೆಂದು ಹೆಂಡತಿಯ ಪ್ರಾಣಾಪಾಯವನ್ನು ಲೆಕ್ಕಿಸದೆ ಅವಳ ದೇಹವನ್ನು ಭೋಗಿಸುವ ನಿರಂಕುಶವಾದ ಹಕ್ಕು ಯಾವ ಗಂಡನಿಗೂ ಇಲ್ಲವೆಂಬುದು ಇನ್ನೊಂದು. ಎರಡನೆಯ ಮಾತು ಅಂದಿನ ಕಾಲಕ್ಕೆ ಸಣ್ಣದಲ್ಲ. ಆದರೂ ಕೊನೆಗೆ ಸ್ಥಿರಪಟ್ಟುದು ೩೩೮ನೆಯ ಪ್ರಕರಣದ ಅಪರಾಧ ಮಾತ್ರ. ಎಂದರೆ ಪ್ರಾಣಾಪಾಯಕರವಾದ ದುಡುಕಿನ ಕಾರ್ಯದಿಂದ ಘೋರವಾದ ಗಾಯವನ್ನುಂಟುಮಾಡಿದುದು. ಆ ಪ್ರಕರಣದ ಪರಮಾವಧಿಯೇ ಎರಡು ವರ್ಷದ ಸೆರೆ; ಹರಿಮೋಹನನಿಗೆ ಒಂದು ವರ್ಷದ ಕಠಿಣ ಸಜೆಯಾಯಿತು. ಅಜಾಗರೂಕನಾಗಿ ಗಾಡಿಯನ್ನು ಓಡಿಸಿ ದಾರಿಹೋಕನ ಕಾಲು ಮುರಿದವನಿಗೂ ಅನ್ವಯಿಸಬಹುದಾದ ಹೆಸರು ಈ ಅಪರಾಧಕ್ಕೂ ಬಂದಿತು. ತೀರ್ಪಿನಲ್ಲಿ ಗಾಯವಿತ್ತು, ಮರಣಕ್ಕೆ ಸ್ಥಾನವಿರಲಿಲ್ಲ.

ಇಲ್ಲಿ ಇನ್ನೊಂದು ವಿಷಯವು ವಿಚಾರಾರ್ಹವಾಗಿದೆ. ಆಪಾದಿತನ ಸ್ಥಾನದಲ್ಲಿ ನಿಂತವನು ಗಂಡನೊಬ್ಬನೇ. ಬಾಲಿಕೆಯನ್ನು ಕೊಟ್ಟು ಮದುವೆ ಮಾಡಿದ ಹಿರಿಯರನ್ನು ಪ್ರಶ್ನಿಸುವ ವಿಧಿಯು ಆಗ ಇರಲಿಲ್ಲ; ಅವರು ಮಾಡಿದುದು ಲೋಕರೂಢಿಗೆ ಸಮ್ಮತವಾದ ಕಾರ್ಯ. ಮಗಳ ಪರವಾಗಿ ಸಾಕ್ಷಿ ನುಡಿದ ತಾಯಿಯೂ ಆ ರೂಢಿಯೊಳಗಿನವಳೇ. ಆಕೆಯ ದುಃಖದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಮಗುವನ್ನು ಅಪಾಯದ ಬಾಗಿಲಿಗೆ ಕರೆತಂದ ವ್ಯವಸ್ಥೆಯು ಒಟ್ಟು ಕುಟುಂಬದ್ದು. ದಂಡವು ಮುಟ್ಟಿದ್ದು ಅದರ ಕೊನೆಯ ಕೊಂಡಿಯನ್ನು ಮಾತ್ರ.

ಇದಕ್ಕೆ ಮೊದಲೇ, ೧೮೮೪ರಲ್ಲಿ, ಬೊಂಬಾಯಿಯ ಪಾರಸಿ ಪತ್ರಿಕಾಕರ್ತರಾದ ಬೈರಾಮ್‌ಜಿ ಮಲಬಾರಿಯವರು ಬಾಲ್ಯವಿವಾಹವನ್ನೂ ಬಲವಂತದ ವೈಧವ್ಯವನ್ನೂ ಖಂಡಿಸಿ ಟಿಪ್ಪಣಿಗಳನ್ನು ಪ್ರಕಟಿಸಿದ್ದರು. ಫೂಲ್‌ಮಣಿಯ ಮರಣದಿಂದ ಆ ಚರ್ಚೆಗೆ ಅಲ್ಲಗಳೆಯಲಾಗದ ಸಾಕ್ಷ್ಯವು ದೊರೆಯಿತು. ಇಂತಹ ಗಾಯಗಳಿಗೆ ಚಿಕಿತ್ಸೆ ಮಾಡಿದ್ದ ಮಹಿಳಾ ವೈದ್ಯರು ಸರ್ಕಾರಕ್ಕೆ ಬಿನ್ನವತ್ತಳೆಯನ್ನು ಒಪ್ಪಿಸಿದರು. ೧೮೯೧ರ ಜನವರಿ ೯ರಂದು ಸರ್ ಆಂಡ್ರ್ಯೂ ಸ್ಕೋಬಲ್‌ರು ವೈಸರಾಯರ ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದರು. ಮಾರ್ಚಿ ೧೯ರಂದು ಅದು ಅಂಗೀಕೃತವಾಗಿ ಹತ್ತರ ಮೇರೆಯು ಹನ್ನೆರಡಕ್ಕೆ ಏರಿತು.

ಈ ಮಧ್ಯೆ ನಡೆದ ವಾದವು ಸುಪ್ರಸಿದ್ಧವಾಗಿದೆ. ಪ್ರಥಮ ಋತುವಿನಲ್ಲೇ ಗರ್ಭಾಧಾನವು ನಡೆಯಬೇಕೆಂದೂ, ಹನ್ನೆರಡರ ನಿಯಮದಿಂದ ಆ ಸಂಸ್ಕಾರಕ್ಕೆ ಲೋಪವುಂಟಾಗುವುದೆಂದೂ ಸಂಪ್ರದಾಯಪಕ್ಷದವರು ಹೇಳಿದರು. ಪರದೇಶದ ಸರ್ಕಾರವು ಗೃಹಧರ್ಮದಲ್ಲಿ ಕೈಹಾಕಬಾರದೆಂಬುದು ಬಾಲಗಂಗಾಧರ ತಿಲಕರ ನಿಲುವು. ರಾಮಕೃಷ್ಣ ಗೋಪಾಲ ಭಂಡಾರಕರರು ಧರ್ಮಶಾಸ್ತ್ರದ ವಚನಗಳಿಂದಲೇ ಮಸೂದೆಯನ್ನು ಸಮರ್ಥಿಸಿದರು. ಕಲ್ಕತ್ತೆಯ ‘ಬಂಗವಾಸಿ’ ಪತ್ರಿಕೆಯು ಬರೆದ ಉಗ್ರಲೇಖನಗಳಿಗಾಗಿ ಅದರ ಕಡೆಯವರ ಮೇಲೆ ೧೮೯೧ರಲ್ಲೇ ರಾಜದ್ರೋಹದ ಮೊಕದ್ದಮೆ ನಡೆಯಿತು. ಮನೆಯೊಳಗಿನ ಸಾವು ಹೀಗೆ ರಾಜ್ಯಾಧಿಕಾರದ ಪ್ರಶ್ನೆಯಾಗಿ ಬೆಳೆಯಿತು. ಬೆಳೆದಂತೆಲ್ಲ ಬಾಲಿಕೆಯು ಮರೆಯಾದಳು.

ಹೊಸ ವಿಧಿಯು ಬಂದ ಮೇಲೂ ಗಂಡನಿಗೆ ವಿಶೇಷವಾದ ರಕ್ಷಣೆ ಉಳಿಯಿತು. ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ೫೬೧ನೆಯ ಪ್ರಕರಣದಂತೆ, ಗಂಡನ ಮೇಲಿನ ಇಂತಹ ದೂರನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಚೀಫ್ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್ ಹೊರತು ಬೇರೆ ಮ್ಯಾಜಿಸ್ಟ್ರೇಟರು ಕೈಗೊಳ್ಳುವಂತಿರಲಿಲ್ಲ. ಹಳ್ಳಿಯ ಬಾಲಿಕೆಗೆ ಅಂತಹ ಬಾಗಿಲು ಎಷ್ಟು ದೂರವೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಸಂದರ್ಭದಲ್ಲಿ ಮೈಸೂರು ಸಂಸ್ಥಾನದ ೧೮೯೪ರ ಶಿಶುವಿವಾಹ ನಿರೋಧದ ರೆಗ್ಯುಲೇಷನ್ ಗಮನಾರ್ಹವಾದುದು. ಅದು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಪುರುಷನು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ನಿಷೇಧಿಸಿತು. ಎಂಟರ ಮೇರೆಯು ಅತ್ಯಲ್ಪವೆಂಬುದು ಸ್ಪಷ್ಟ. ಫೂಲ್‌ಮಣಿಯಂಥವಳನ್ನು ಅದು ಕಾಪಾಡುತ್ತಿರಲಿಲ್ಲ. ಆದರೂ ಕಲ್ಕತ್ತೆಯ ನ್ಯಾಯಸ್ಥಾನವು ಮುಟ್ಟಲಾಗದ ಎಡೆಯನ್ನು ಅದು ಮುಟ್ಟಿತು. ವರನೊಡನೆ, ಶಿಶುವಿನ ಮದುವೆಯನ್ನು ಮಾಡಿಸಿದವರೂ ಅದಕ್ಕೆ ನೆರವಾದವರೂ ದಂಡಾರ್ಹರಾದರು. ಹೊಣೆಯು ಹಾಸಿಗೆಯ ಮನೆಯಿಂದ ಹಸೆಮಣೆಗೆ, ಸಾವಿನ ಅನಂತರದಿಂದ ಸಾವಿಗೆ ಮುಂಚಿನ ಕಾಲಕ್ಕೆ ಸರಿಯಿತು.

ಬ್ರಿಟಿಷ್ ಇಂಡಿಯಾದಲ್ಲಿ ೧೯೨೯ರ ಶಾರದಾ ಕಾನೂನು ವಧುವಿನ ವಯಸ್ಸನ್ನು ಹದಿನಾಲ್ಕಕ್ಕೆ ನಿಗದಿಮಾಡಿ, ತಂದೆತಾಯಿಗಳನ್ನೂ ಪೋಷಕರನ್ನೂ ದಂಡದ ವ್ಯಾಪ್ತಿಗೆ ತಂದಿತು. ಹೆಂಗಸರಿಗೆ ಮಾತ್ರ ಸೆರೆವಾಸವನ್ನು ವಿಧಿಸಕೂಡದೆಂದು ವಿನಾಯಿತಿ ಕೊಟ್ಟಿತು. ಪೀನಲ್ ಕೋಡಿನಲ್ಲಿ ಹೆಂಡತಿಯ ವಯಸ್ಸಿನ ಮೇರೆಯು ೧೯೨೫ರಲ್ಲಿ ಹದಿಮೂರಕ್ಕೂ ೧೯೪೯ರಲ್ಲಿ ಹದಿನೈದಕ್ಕೂ ಏರಿ, ಅಲ್ಲಿಯೇ ಬಹುಕಾಲ ನಿಂತಿತು. ೨೦೧೭ರ ಅಕ್ಟೋಬರ್ ೧೧ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಹದಿನೆಂಟು ತುಂಬದ ಹೆಂಡತಿಗೂ ಬಲಾತ್ಸಂಗದ ವಿಧಿಯ ರಕ್ಷಣೆ ಉಂಟೆಂದು ತೀರ್ಪಿತ್ತಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹದಿನೆಂಟೇ ಮೇರೆಯಾಗಿದೆ. ಹತ್ತರಿಂದ ಹದಿನೆಂಟಕ್ಕೆ ಏರಲು ೧೮೬೦ರಿಂದ ಎಣಿಸಿದರೆ ೧೫೭ ವರ್ಷಗಳು ಹಿಡಿದವು.

ನ್ಯಾಯವರದಿಗಳಲ್ಲಿ ಈ ಮೊಕದ್ದಮೆಯು ಚಕ್ರವರ್ತಿನಿಯ ಹೆಸರಿನಿಂದಲೂ ಹರಿಮೋಹನ ಮೈತಿಯ ಹೆಸರಿನಿಂದಲೂ ಉದಾಹೃತವಾಗುತ್ತದೆ. ವಾದಿಯೂ ಪ್ರತಿವಾದಿಯೂ ಅವರೇ ಆದುದರಿಂದ ಪದ್ಧತಿಯು ಹಾಗಿದೆ. ಸತ್ತ ಬಾಲಿಕೆಯ ಹೆಸರನ್ನು ಅರಿಯಬೇಕಾದರೆ ವರದಿಯ ಒಳಗನ್ನು ಓದಬೇಕು.