ಗೊಡ್ಡು ತೊಗರಿ ಮತ್ತು ಅಪ್ಪನ ತಿಪ್ಪೆ ಗೊಬ್ಬರ

ರಾಂಜಣಗಾಂವದ ಮಹಾಗಣಪತಿ ಗುಡಿಗೆ ಹೋಗಿ ಬರುವಾಗ ಒಂದು ಹೊಲದ ಬದುವಿನಲ್ಲಿ ತೊಗರಿ ಕಂಡೆ. ಉಳಿದ ಗಿಡಗಳೆಲ್ಲ ಹಳದಿ ಹೂ ಬಿಟ್ಟಿದ್ದರೆ ಒಂದು ಮಾತ್ರ ಪೊದೆಯಾಗಿ, ಹೂವಿಲ್ಲದೆ ನಿಂತಿತ್ತು. ಇಪ್ಪತ್ತೈದು ವರ್ಷದಿಂದ ಇಲ್ಲೇ ನೌಕರಿ ಮಾಡಿಕೊಂಡಿದ್ದರೇನಂತೆ, ಕಲಬುರಗಿ ಕಡೆಯವನಿಗೆ ಗೊಡ್ಡು ತೊಗರಿಯ ಗುರುತು ಮರೆಯುತ್ತದೆಯೇ?

ನಾನು ಚಿಕ್ಕವನಿದ್ದಾಗ ನಮ್ಮ ಹೊಲದಲ್ಲಿ ಅರ್ಧಕ್ಕರ್ಧ ಹೀಗೇ ಆಗಿತ್ತು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋದರೆ ಬರೀ ಎಲೆ! "ತಿಪ್ಪಿ ಗೊಬ್ಬರ ಜಾಸ್ತಿ ಆಗ್ಯಾದ ಅಣ್ಣಾ. ಗಿಡ ಸೊಕ್ಕಿ ನಿಂತಾದ, ಕಾಯಿ ಎಲ್ಲಿಂದ ಬರಬೇಕು?" ಅಂದರು ಕಾಕಾ. ಅಪ್ಪ ನಂಬಿಬಿಟ್ಟರು. ಮುಂದೆ ಎಷ್ಟೋ ವರ್ಷ ಆ ಹೊಲಕ್ಕೆ ಒಂದು ಬಂಡಿ ಗೊಬ್ಬರವೂ ಬೀಳಲಿಲ್ಲ.

ಅಪ್ಪನಿಗೆ ಗೊತ್ತಾಗದೇ ಹೋದದ್ದು ಇದು. ಈ ರೋಗವನ್ನು 1931ರಲ್ಲೇ ಬಿಹಾರದ ಪೂಸಾದಲ್ಲಿ ಮಿತ್ರಾ ಎಂಬ ವಿಜ್ಞಾನಿ ದಾಖಲಿಸಿದ್ದರು. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ನುಸಿ ಎಂದು ಸೇಠ್ ತೋರಿಸಿದ್ದು 1962ರಲ್ಲಿ. ಸುಮಾರು 0.2 ಮಿಲಿಮೀಟರ್ ಉದ್ದದ ಪ್ರಾಣಿ; ಬರಿಗಣ್ಣಿಗೆ ಕಾಣದು, ರೆಕ್ಕೆಯೂ ಇಲ್ಲ, ಗಾಳಿಯೇ ಅದರ ವಾಹನ. ಒಳಗಿನ ವೈರಸ್ಸು ಕೈಗೆ ಸಿಗಲು 2000ದ ಆಸುಪಾಸಿನವರೆಗೆ ಕಾಯಬೇಕಾಯಿತು.

ಈ ನಡುವೆ ನೆಟೆ ರೋಗ ತಡೆಯುವ 'ಮಾರುತಿ' ತಳಿ ಬಂತು. ಆದರೆ ಗೊಡ್ಡು ರೋಗಕ್ಕೆ ಅದು ಎಷ್ಟು ಬೇಗ ತುತ್ತಾಗುತ್ತದೆಂದರೆ, ರೋಗ ಹಬ್ಬಿದೆಯೋ ಇಲ್ಲವೋ ನೋಡಲು ವಿಜ್ಞಾನಿಗಳು ಅದನ್ನೇ ಬಿತ್ತುತ್ತಾರೆ. ಎರಡನ್ನೂ ತಡೆಯುವ 'ಆಶಾ' ಬಿಡುಗಡೆಯಾದದ್ದು 1993ರಲ್ಲಿ.

ಹಾಗಾದರೆ ಕಾಕಾನ ಮಾತು ಪೂರ್ತಿ ಸುಳ್ಳೇ? ಇಲ್ಲ. ಯೂರಿಯಾ ಹೆಚ್ಚಾದರೆ ಎಲೆಯಲ್ಲಿ ಸಾರಜನಕ ಹೆಚ್ಚುತ್ತದೆ. ಬೀನ್ಸ್ ಗಿಡದ ಜೇಡ ನುಸಿ ಅಂಥ ಎಲೆ ತಿಂದು ಹೆಚ್ಚು ಮೊಟ್ಟೆ ಇಡುತ್ತದೆ. ಬೇರಿನ ಗಂಟುಗಳಲ್ಲೇ ಸಾರಜನಕ ಕೂಡಿಸಿಕೊಳ್ಳುವ ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂದು ಶಿಫಾರಸು ಇರುವುದು ಸುಮ್ಮನಲ್ಲ. ಆದರೆ ಗೊಡ್ಡುತನ ತರುವುದು ವೈರಸ್ಸು, ತಿಪ್ಪೆಯಲ್ಲ. ಗೊಬ್ಬರ ನಿಲ್ಲಿಸಿದರೆ ಅದು ನಿಲ್ಲುವುದೂ ಇಲ್ಲ. ಹಳೇ ಕೂಳೆ ಚಿಗುರು, ರೋಗದ ಗಿಡ ಕಿತ್ತು ಹಾಕಬೇಕು, ತಳಿ ಬದಲಿಸಬೇಕು.

ಬದುವಿನ ಆ ಗಿಡದ ಬಗ್ಗೆ ಹೊಲದ ಮಾಲೀಕರಿಗೆ ಮರಾಠಿಯಲ್ಲಿ ಹೇಳಿದೆ. ಅವರು ನಕ್ಕು, "ಖತ ಜಾಸ್ತಿ ಝಾಲಂ" ಅಂದರು. ಗೊಬ್ಬರ ಜಾಸ್ತಿ ಆಯಿತಂತೆ! ಕಾಕಾನ ಮಾತೇ, ಭಾಷೆ ಮಾತ್ರ ಬೇರೆ. ಅಪ್ಪನಿಗೆ ಹೇಳಲಾಗದ್ದನ್ನು ಅವರಿಗೆ ಅರ್ಧ ತಾಸು ನಿಂತು ಹೇಳಿದೆ. ಗಿಡ ಕಿತ್ತರು.