'ಜ್ಯೋತಿ': ಪಕ್ಕವಾದ್ಯಗಳು ಮುನ್ನೆಲೆಗೆ ಬಂದ ಧ್ವನಿಮುದ್ರಿಕೆ

ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳು ಪಕ್ಕವಾದ್ಯಗಳೆಂದೇ ಪರಿಗಣಿತವಾಗಿವೆ. ತನಿ ಆವರ್ತನದ ಹೊತ್ತನ್ನು ಬಿಟ್ಟರೆ ಅವುಗಳಿಗೆ ಸ್ವತಂತ್ರ ಅವಕಾಶ ವಿರಳ. ಈ ಲಯವಾದ್ಯಗಳ ಶಿಕ್ಷಣಕ್ಕೆಂದೇ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. 'ತಾಳ ತರಂಗಿಣಿ' ಲಯವಾದ್ಯ ವೃಂದವನ್ನು ಕಟ್ಟಿದವರೂ ಅವರೇ.

ಅಮೆರಿಕದ ಬಾಸ್ಟನ್‌ನಲ್ಲಿ 1923ರಲ್ಲಿ ಜನಿಸಿದ ಚಾರ್ಲಿ ಮರಿಯಾನೊ ಜಾಝ್ ಸ್ಯಾಕ್ಸೊಫೋನ್ ವಾದಕರಾಗಿದ್ದೂ ನಾಗಸ್ವರ ಅಭ್ಯಾಸ ಮಾಡಿದವರು. ಮಣಿ ತಂಡದೊಡನೆ ಅವರು ನುಡಿಸಿದ 'ಜ್ಯೋತಿ' 1983ರಲ್ಲಿ ಜರ್ಮನಿಯಲ್ಲಿ ಮುದ್ರಣಗೊಂಡಿತು. ಅಲ್ಲಿನ ಪ್ರತಿಷ್ಠಿತ ಇಸಿಎಂ ಸಂಸ್ಥೆ ಅದನ್ನು ಹೊರತಂದಿತು.

ಮಣಿ ಅವರ ಪತ್ನಿ, ವಿದುಷಿ ಆರ್.ಎ. ರಮಾಮಣಿ ಇದರ ಗಾಯಕಿ. ಹೆಚ್ಚಿನ ರಚನೆಗಳೂ ಅವರವೇ. ಆರ್.ಎ. ರಾಜಗೋಪಾಲ್ ಘಟ ಹಾಗೂ ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ ನುಡಿಸಿದ್ದಾರೆ. ಪಿಯಾನೊ, ಬಾಸ್, ಪಾಶ್ಚಾತ್ಯ ಡ್ರಮ್‌ಗಳಿಗೆ ಇಲ್ಲಿ ಸ್ಥಾನವಿಲ್ಲ. ಭಾರತೀಯ ವಾದ್ಯಗಳನ್ನು ಕೇವಲ ಅಲಂಕಾರಕ್ಕೆ ಬಳಸುವ ರೂಢಿಗೆ ಬದಲಾಗಿ, ಸ್ಯಾಕ್ಸೊಫೋನೇ ತಾಳದ ಆವರ್ತಕ್ಕೆ ಒಗ್ಗಿಕೊಂಡು ಸಾಗುತ್ತದೆ. ಧ್ವನಿಮುದ್ರಿಕೆಯ ಹಿರಿಮೆ ಇರುವುದು ಇಲ್ಲಿಯೇ.

ಮರಿಯಾನೊ 2009ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಿಧನರಾದರು. ಪಕ್ಕವಾದ್ಯವೆನಿಸಿದ್ದ ಲಯಕ್ಕೆ ಪ್ರಧಾನ ಸ್ಥಾನ ಉಂಟೆಂಬುದಕ್ಕೆ 'ಜ್ಯೋತಿ' ಸಾಕ್ಷಿಯಾಗಿ ಉಳಿದಿದೆ.