ತಂತಿಕಳ್ಳರೂ ಜೇವರ್ಗಿಯ ಗೋರಿಗಳೂ

ಪಾತಕವನ್ನು ಕುರಿತ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಕಂಟಕಶೋಧನ’ವೆಂಬ ಒಂದು ಅಧಿಕರಣವೇ ಇದೆ, ಕೊರಳು ಬಿಗಿದು ಕೊಂದ ಹೆಣವನ್ನು ಗುರುತಿಸುವುದು ಹೇಗೆಂಬುದೂ ಅಲ್ಲಿ ಹೇಳಿದೆ. ಆದರೆ ಅಪರಾಧಶಾಸ್ತ್ರವು ವಿಶ್ವವಿದ್ಯಾನಿಲಯದ ಪಾಠವಾದದ್ದು ಈಚೆಗೆ. ಇಟಲಿಯ ಗರೋಫಾಲೊ ಎಂಬ ನ್ಯಾಯಾಧೀಶನು 1885ರಲ್ಲಿ ಈ ಶಾಸ್ತ್ರದ ಹೆಸರನ್ನೇ ತನ್ನ ಗ್ರಂಥಕ್ಕಿಟ್ಟನು. ಅವನಿಗಿಂತ ಮೊದಲು ಇದರಲ್ಲಿ ಪ್ರಸಿದ್ಧನಾದ ಲೊಂಬ್ರೋಸೊ ವೈದ್ಯ. ಹೀಗೆ ಈ ಶಾಸ್ತ್ರವನ್ನು ಕಟ್ಟಿದವರೆಲ್ಲ ಬೇರೆ ಕಸುಬಿನವರೇ. ಸಮಾಜಶಾಸ್ತ್ರದ ಕಥೆಯೂ ಹೆಚ್ಚು ಬೇರೆಯಲ್ಲ. ನಮ್ಮ ಮೈಸೂರಿನಲ್ಲಿ ಅದನ್ನು ಮೊದಮೊದಲು ಬೋಧಿಸಿದ ಎ. ಆರ್. ವಾಡಿಯಾ ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಕಲಬುರಗಿಗೆ ಸ್ವತಂತ್ರ ವಿಶ್ವವಿದ್ಯಾನಿಲಯ ಬಂದುದು 1980ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೊಂದು ಅಲ್ಲಿ ತೆರೆದಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಕ್ಕಳು ಎತ್ತರದ ವಿದ್ಯೆಗಾಗಿ ದೂರ ಹೋಗಬೇಕಾದುದು ಅಷ್ಟರಮಟ್ಟಿಗೆ ತಪ್ಪಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅರೆಕಾಲಿಕ ಅಧ್ಯಾಪಕನಾಗಿ ಸಮಾಜಶಾಸ್ತ್ರ, ಅಪರಾಧಶಾಸ್ತ್ರ ಎರಡನ್ನೂ ಕಲಿಸುತ್ತಾನೆ. ಒಮ್ಮೆ ಅವನು, “ಗುರುಗಳೆ, ಇಟಲಿ ಕಥಿ ಹೇಳಿದ್ರ ಹುಡುಗರು ಸುಮ್ಮನ ಬರಕೋತಾರ. ನಮ್ಮ ಕಡೀದು ಏನಾರ ಅದ ಏನ್ರಿ?” ಎಂದು ಕೇಳಿದ.

ಇದೆ, ಅದೂ ಸಣ್ಣದಲ್ಲ. ಲೊಂಬ್ರೋಸೊವಿನ ಗ್ರಂಥ ಹೊರಬಂದ 1876ರಲ್ಲಿಯೇ ಫ್ರಾನ್ಸಿನ ಮಾಂತೋನ್ ಊರಿನಲ್ಲಿ ಒಬ್ಬ ಮುದುಕ ತೀರಿಕೊಂಡನು. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿ ಬಂದವನು. ಆ ವ್ಯಾಪಾರಿಯ ಸ್ಥಿತಿ ನೆಟ್ಟಗಿರಲಿಲ್ಲ. ಹುಡುಗ ನಿಜಾಮನ ಸೈನ್ಯ ಸೇರಿದ. ಇಪ್ಪತ್ತು ತುಂಬುವ ಮೊದಲೇ ನಿಜಾಮನ ಸೀಮೆಯ ನೈಋತ್ಯ ಭಾಗದಲ್ಲಿ ಪೋಲೀಸು ಅಧಿಕಾರಿಯಾದ. ದಾರಿಯ ಬದಿಯಲ್ಲಿ ಹೂತ ಹೆಣಗಳ ಸುಳಿವು ಅವನಿಗೆ ಸಿಕ್ಕಿತ್ತು. ಶೋಧ ಮುಗಿಯುವ ಮೊದಲೇ ಅವನನ್ನು ದಂಡಿಗೆ ಹಿಂದಕ್ಕೆ ಕರೆಸಿಕೊಂಡರು. ಠಕ್ಕರನ್ನು ಬಯಲಿಗೆಳೆದ ಕೀರ್ತಿ ಜಬಲಪುರದ ಕಡೆಯ ಸ್ಲೀಮನ್ ಸಾಹೇಬನಿಗೆ ಹೋಯಿತು. ಟೇಲರನಿಗೆ ಈ ಕೊರಗು ಕೊನೆಯವರೆಗೂ ಇತ್ತು.

‘ಠಗ್’ ಎಂಬ ಮಾತು ಸಂಸ್ಕೃತದ ‘ಸ್ಥಗ’ದಿಂದ ಬಂದದ್ದು, ನಮ್ಮ ‘ಠಕ್ಕ’ನೂ ಅದೇ ಮನೆತನದವನೆಂದು ತೋರುತ್ತದೆ. ದಕ್ಷಿಣದಲ್ಲಿ ಈ ಪಾತಕಿಗಳಿಗೆ ‘ಫಾಂಸಿಗಾರ’ರೆಂಬ ಹೆಸರಿತ್ತು. 1816ರಲ್ಲಿ ಇವರನ್ನು ಕುರಿತು ಲೇಖನ ಬರೆದ ಮದರಾಸಿನ ಡಾಕ್ಟರ್ ಶೆರ್‌ವುಡ್, ಕನ್ನಡಿಗರು ಇವರನ್ನು ‘ತಂತಿಕಳ್ಳರು’ ಎನ್ನುತ್ತಿದ್ದರೆಂದು ದಾಖಲಿಸಿದ್ದಾನೆ. ನರದ ತಂತಿಯ ಉರುಲಿನಿಂದ ಬಂದ ಹೆಸರಿದು. ನಮ್ಮ ಜನ ಆಯುಧವನ್ನು ನೋಡಿ ಹೆಸರಿಟ್ಟರು, ಜಾತಿಯನ್ನು ನೋಡಿ ಅಲ್ಲ, ಇದನ್ನು ಗಮನಿಸಬೇಕು.

ಸರಕಾರ ಹಾಗೆ ಮಾಡಲಿಲ್ಲ. ಸಿಕ್ಕ ಠಕ್ಕರಲ್ಲಿ ಕೆಲವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಂಡು, ಅವರ ಬಾಯಿಂದ ಉಳಿದವರ ಹೆಸರು ಹೊರಡಿಸಿದರು. ಹೆಸರು ಹೇಳಿದವನು ಗಲ್ಲಿನಿಂದ ಪಾರು. 1836ರ ಕಾಯಿದೆಯಂತೆ ಒಬ್ಬನು ಠಕ್ಕರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಇಂಥ ಕೊಲೆಯನ್ನು ಮಾಡಿದನೆಂದು ತೋರಿಸಬೇಕಾಗಿರಲಿಲ್ಲ; ಶಿಕ್ಷೆ ಆಜೀವ ಸೆರೆ. ಇಂತಹ ಹೇಳಿಕೆಗಳನ್ನು ಟೇಲರನೂ ಬರೆದುಕೊಂಡನು. ಅವುಗಳಿಂದ ಅಮೀರ್ ಅಲಿ ಎಂಬ ಕಥಾನಾಯಕನನ್ನು ಕಡೆದು, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿ ಬರೆದು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ವಿಕ್ಟೋರಿಯಾ ರಾಣಿಯೂ ಅದನ್ನು ಓದಿದಳಂತೆ. ಕಾದಂಬರಿ ಸೊಗಸಾಗಿದೆ, ಸಂದೇಹವಿಲ್ಲ. ಆದರೆ ಜೀವದಾಸೆಗೆ ಆಡಿದ ಮಾತು ಕಾದಂಬರಿಗೆ ಒದಗಿದಷ್ಟು ಸುಲಭವಾಗಿ ಶಾಸ್ತ್ರಕ್ಕೆ ಒದಗುವುದಿಲ್ಲ. ಠಕ್ಕತನವೊಂದು ಕುಲಧರ್ಮವಾಗಿತ್ತೆ, ಇಲ್ಲ ಯುದ್ಧಗಳು ಮುಗಿದು ಕೆಲಸ ತಪ್ಪಿದವರ ದಾರಿಗಳ್ಳತನವೆ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ತೀರಿಲ್ಲ.

ಇದೇ ಟೇಲರನು 1841ರಿಂದ 1853ರ ವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನು. ಅನಂತರ ಆಳಂದಕ್ಕೆ ವಾಯವ್ಯದಲ್ಲಿರುವ ನಳದುರ್ಗದಲ್ಲಿ ಅಧಿಕಾರಿಯಾದನು. ಭೀಮೆಯ ದಂಡೆ ಅವನಿಗೆ ಚೆನ್ನಾಗಿ ಗೊತ್ತು. 1850ರ ಆಸುಪಾಸಿನಲ್ಲಿ, ಫಿರೋಜ್ ಷಹಾ ಬಹಮನಿ ಕಟ್ಟಿಸಿದ ಫಿರೋಜಾಬಾದಿನ ಸಮೀಪ, ಜೇವರ್ಗಿಯ ಹೊಲಗಳಲ್ಲಿ ದುಂಡಗೆ ಇಟ್ಟ ಕಲ್ಲುಗಳ ನಡುವೆ ಎದ್ದ ಗುಡ್ಡೆಗಳನ್ನು ಕಂಡು ಅವನು ಅಗೆಸಿದನು. ಸುಮ್ಮನೆ ತೋಡಿ ಸಾಮಾನು ಹೊತ್ತುಕೊಂಡು ಹೋಗಲಿಲ್ಲ. ಮೇಲಿನ ಕಲ್ಲು, ಅದರ ಕೆಳಗಿನ ಮಣ್ಣು, ಮಡಕೆ, ಎಲುಬು ಯಾವುದು ಎಲ್ಲಿತ್ತೋ ಹಾಗೆಯೇ ಸೀಳುನೋಟದ ಚಿತ್ರ ಬರೆದನು. ನೂರು ವರ್ಷದ ಮೇಲೆ, 1954ರಲ್ಲಿ, ಮಾರ್ಟಿಮರ್ ವೀಲರ್ ಎಂಬ ಪುರಾತತ್ತ್ವಜ್ಞನು ಟೇಲರನ ಚಿತ್ರವನ್ನು ತನ್ನ ಗ್ರಂಥದಲ್ಲಿ ಮುದ್ರಿಸಿ, ಕಾಲಕ್ಕಿಂತ ಮುಂದಿದ್ದವನೆಂದು ಹೊಗಳಿದನು.

ಆ ಗೋರಿಗಳಲ್ಲಿ ತಲೆ ಬೇರೆ, ಮುಂಡ ಬೇರೆಯಾದ ಅಸ್ಥಿಗಳಿದ್ದುವು. ಟೇಲರನು ಇದು ನರಬಲಿಯೇ ಸರಿ ಎಂದು ತೀರ್ಮಾನಿಸಿದನು. ಗೋರಿ ಕಟ್ಟಿದವರು ಸಿಥಿಯನ್ನರ ಕಡೆಯವರಿರಬಹುದೆಂದೂ ಊಹಿಸಿದನು. ಹೂತ ಹೆಣಗಳನ್ನು ಹುಡುಕಿ ಪ್ರಾಯ ಕಳೆದ ಪೋಲೀಸಿನವನ ಕಣ್ಣು ಅದು ಎಂದು ನನಗೆ ಅನ್ನಿಸುತ್ತದೆ. ಬೃಹತ್ ಶಿಲಾಗೋರಿಗಳನ್ನು ಮುಂದೆ ದಕ್ಷಿಣದಲ್ಲೆಲ್ಲ ಅಗೆದವರು ಕಂಡ ಸಂಗತಿಯೇ ಬೇರೆ. ಹೆಣವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಎಲುಬುಗಳನ್ನು ಆಯ್ದು ಹೂಳುವ ಪದ್ಧತಿ ಆ ಜನರಲ್ಲಿ ಬಹಳವಾಗಿತ್ತು. ಹಾಗೆ ಆಯ್ದು ಹೂತಾಗ ತಲೆ ಬೇರೆಯಾಗಿ ಸಿಕ್ಕರೆ ಕೊಲೆಯನ್ನೇ ಊಹಿಸಬೇಕಾಗಿಲ್ಲ. ಟೇಲರನ ಚಿತ್ರ ಇಂದಿಗೂ ನಿಂತಿದೆ, ತೀರ್ಮಾನ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಕಂಡದ್ದನ್ನೂ ಊಹಿಸಿದ್ದನ್ನೂ ಅವನು ಬೇರೆ ಬೇರೆ ಇಟ್ಟದ್ದರಿಂದಲೇ ಇಂದು ನಾವು ಅವನನ್ನು ತಿದ್ದಲು ಸಾಧ್ಯ. ಮಾಫಿ ಸಾಕ್ಷಿಯ ಹೇಳಿಕೆಗೆ ಇಂಥ ಸೀಳುನೋಟವಿಲ್ಲ.

ಠಕ್ಕರ ಕಾಯಿದೆಯ ಮಾದರಿ 1871ರಲ್ಲಿ ಇನ್ನಷ್ಟು ಬೆಳೆಯಿತು. ಅಪರಾಧಿ ಬುಡಕಟ್ಟುಗಳ ಕಾಯಿದೆ ಎಂಬುದು ಜಾತಿಗೆ ಜಾತಿಯನ್ನೇ ಪಟ್ಟಿಗೆ ಹಾಕಿತು. ತೊಟ್ಟಿಲ ಕೂಸೂ ಕಳ್ಳನೇ. ವಿಚಿತ್ರವೆಂದರೆ, ಮರುವರ್ಷ, 1872ರಲ್ಲಿ, ಬಂದ ಸಾಕ್ಷ್ಯ ಕಾಯಿದೆಯು ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ಮೇಲೆ ಸಾಕ್ಷ್ಯವಾಗದೆಂದು ವಿಧಿಸಿತು. ಒಂದೇ ಸರಕಾರದ ಎರಡು ಕೈಗಳು ಇವು. ಎರಡನೆಯ ನಿಯಮ 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಮೊದಲನೆಯದು 1952ರ ಆಗಸ್ಟ್ 31ರಂದು ರದ್ದಾಯಿತು. ಆದರೆ ಊರಬಾಯಿಯಲ್ಲಿ ಆ ಪಟ್ಟಿ ಇನ್ನೂ ಅಳಿದಿಲ್ಲ. ಅಂಥ ಮನೆತನದ ಹುಡುಗನೊಬ್ಬ ಅಪರಾಧಶಾಸ್ತ್ರದ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ಟೇಲರನ ಕಾದಂಬರಿಯನ್ನು ಅವನೆದುರಿಗೆ ಬರಿಯ ಸತ್ಯಕಥೆಯೆಂದು ಓದಿಸಿದರೆ ಆಗುವ ಗಾಯವನ್ನು ನನ್ನ ಶಿಷ್ಯನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅವನಿಗೆ ನಾನು ಹೇಳಿದ ಇನ್ನೊಂದು ಸಂಗತಿ ಸುರಪುರದ್ದು. ಅಲ್ಲಿಯ ಬಾಲರಾಜ ವೆಂಕಟಪ್ಪನಾಯಕನನ್ನು ಟೇಲರನು ಓದಿಸಿ ಬೆಳೆಸಿದ್ದನು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರಲ್ಲಿ ಆಂಗ್ಲರ ಮೇಲೆ ಎದ್ದು ಸೋತ ರಾಜನು ಸೆರೆಯಲ್ಲಿದ್ದಾಗ ಟೇಲರನು ಹೋಗಿ ಕಂಡನು. ಪ್ರೇರಿಸಿದವರು ಯಾರೆಂದು ಹೇಳಿದರೆ ಪ್ರಾಣಕ್ಕೆ ಒಳಿತಾಗಬಹುದಾಗಿತ್ತು. ರಾಜನು ಹೆಸರು ಹೇಳಲು ಒಪ್ಪಲಿಲ್ಲ. ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅವನು ಗುಂಡಿನಿಂದ ಸತ್ತನು. ಇದನ್ನೆಲ್ಲ ಬರೆದಿಟ್ಟವನು ಟೇಲರನೇ. ಅವನು ಸತ್ತ ಮರುವರ್ಷ, 1877ರಲ್ಲಿ, ಪ್ರಕಟವಾದ ಆತ್ಮಕಥೆಯಲ್ಲಿದೆ.